ನಮ್ಮೂರಿಗೆ ರೈಲು ಯಾವಾಗ? ಪಿಂಕ್ ಬುಕ್ ತೆರೆದು ನೀವೇ ಲೆಕ್ಕ ಹಾಕುವುದು ಹೇಗೆ

ನಾನು ಲಿಂಗಸುಗೂರು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ನಮ್ಮ ತಾಲ್ಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ರೈಲು ಇನ್ನೂ ಬರಬೇಕು. ಬೆಂಗಳೂರಿಗೆ ಹೋಗಬೇಕಾದರೆ ರಾತ್ರಿ ಬಸ್ಸು ಹತ್ತಬೇಕು, ಇಲ್ಲವೇ ಬಸ್ಸಿನಲ್ಲಿ ರಾಯಚೂರು ಸೇರಿ ಅಲ್ಲಿಂದ ರೈಲು ಹಿಡಿಯಬೇಕು. ಹತ್ತನೇ ತರಗತಿ ಮುಗಿಸಿದ ಹುಡುಗಿಯರನ್ನು ದೂರದ ಕಾಲೇಜಿಗೆ ಕಳಿಸಲು ತಂದೆತಾಯಿ ಹಿಂದೆಮುಂದೆ ನೋಡುವುದಕ್ಕೆ ಈ ದಾರಿಯೂ ಒಂದು ಕಾರಣ. ಅದನ್ನು ಪ್ರತಿ ಜೂನ್‌ನಲ್ಲಿ ಕಣ್ಣಾರೆ ನೋಡುತ್ತೇನೆ.

ಕೆಲವು ವರ್ಷಗಳ ಹಿಂದೆ ಒಬ್ಬ ವಿದ್ಯಾರ್ಥಿನಿಯ ತಂದೆ ಪತ್ರಿಕೆ ಹಿಡಿದುಕೊಂಡು ಶಾಲೆಗೆ ಬಂದಿದ್ದರು. "ಟೀಚರ್, ಗದಗ-ವಾಡಿ ಲೈನಿಗೆ ರೊಕ್ಕ ಬಂದೈತಂತ. ನಮ್ಮೂರಿಗಿ ರೈಲು ಯಾವಾಗ ಬರ್ತದ್ರಿ?" ಎಂದು ಕೇಳಿದರು. ಗದಗದಿಂದ ನಮ್ಮ ಲಿಂಗಸುಗೂರಿನ ಮೇಲೆ ವಾಡಿಗೆ ಹೋಗಬೇಕಾದ ಹೊಸ ಮಾರ್ಗ ಅದು. ರೈಲು ಯಾವಾಗ ಎಂದು ನನಗೆ ಗೊತ್ತಿರಲಿಲ್ಲ. ಆದರೆ ರೊಕ್ಕದ ಲೆಕ್ಕ ಎಲ್ಲೋ ಬರೆದೇ ಇರಬೇಕಲ್ಲ ಎಂದು ಹುಡುಕಲು ಶುರು ಮಾಡಿದೆ. ಅಂದಿನಿಂದ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ವರ್ಷಕ್ಕೆ ಒಂದು ಪುಟ. ಆ ನೋಟ್‌ಬುಕ್ ತುಂಬುವುದು ಹೇಗೆ ಎಂದು ಇಲ್ಲಿ ಹೇಳುತ್ತೇನೆ. ನಿಮ್ಮ ಊರಿನ ಮಾರ್ಗ ತುಮಕೂರು-ದಾವಣಗೆರೆ ಇರಲಿ, ಬಾಗಲಕೋಟೆ-ಕುಡಚಿ ಇರಲಿ, ಧಾರವಾಡ-ಕಿತ್ತೂರು-ಬೆಳಗಾವಿ ಇರಲಿ, ದಾರಿ ಒಂದೇ.

ಮೊದಲು ಒಂದು ಮಾತು. ಸಭೆಯಲ್ಲಿ ಮಂತ್ರಿಗಳು ಹೇಳುವ ದೊಡ್ಡ ಮೊತ್ತ ನಿಮ್ಮ ಊರಿನ ಮೊತ್ತವಲ್ಲ. 2025-26ರಲ್ಲಿ ರೈಲ್ವೆಗೆ ಕೇಂದ್ರ ಬಜೆಟ್‌ನಿಂದ ಸಿಕ್ಕಿದ್ದು 2.52 ಲಕ್ಷ ಕೋಟಿ ರೂಪಾಯಿ. ಅದೇ ವರ್ಷ ಕರ್ನಾಟಕದ ಪಾಲು 7,564 ಕೋಟಿ ಎಂದು ಪ್ರಕಟಿಸಿದರು. 2009ರಿಂದ 2014ರವರೆಗೆ ರಾಜ್ಯಕ್ಕೆ ವರ್ಷಕ್ಕೆ ಸರಾಸರಿ 835 ಕೋಟಿ ಸಿಗುತ್ತಿತ್ತು. ಹೆಚ್ಚಳ ನಿಜ, ನನಗೆ ಅದರ ಬಗ್ಗೆ ಖುಷಿಯೂ ಇದೆ. ಆದರೆ ಆ 7,564 ಕೋಟಿಯಲ್ಲಿ ಜೋಡಿ ಹಳಿ ಇದೆ, ನಿಲ್ದಾಣಗಳ ನವೀಕರಣ ಇದೆ, ಹಳೆಯ ಹಳಿ ಬದಲಿಸುವುದಿದೆ, ಮೇಲ್ಸೇತುವೆ ಇದೆ. ನಮ್ಮ ಮಾರ್ಗಕ್ಕೆ ಎಷ್ಟು ಎಂಬುದು ಒಂದೇ ಒಂದು ಸಾಲಿನಲ್ಲಿರುತ್ತದೆ. ಆ ಸಾಲನ್ನು ಹುಡುಕಬೇಕು.

ಆ ಒಂದು ಸಾಲು

ಮೊದಲೆಲ್ಲ ರೈಲ್ವೆಗೆ ಬೇರೆ ಬಜೆಟ್ ಇತ್ತು. 1924ರಲ್ಲಿ ಶುರುವಾದ ಆ ಪದ್ಧತಿ 2017ರಲ್ಲಿ ಮುಗಿಯಿತು. ಈಗ ಫೆಬ್ರವರಿ 1ರ ಬಜೆಟ್‌ನಲ್ಲೇ ರೈಲ್ವೆಯೂ ಸೇರಿದೆ. ಭಾಷಣದಲ್ಲಿ ನಿಮ್ಮ ಮಾರ್ಗದ ಹೆಸರು ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಹೆಸರುಗಳಿರುವುದು, ಯಾವ ಕೆಲಸಕ್ಕೆ ಎಷ್ಟು ಹಣ ಎಂದು ರೈಲ್ವೆ ಪಟ್ಟಿ ಮಾಡುವ ಪಿಂಕ್ ಬುಕ್‌ನಲ್ಲಿ. ಬಜೆಟ್ ಆದ ಮೇಲೆ ಅದು ಭಾರತೀಯ ರೈಲ್ವೆಯ ಜಾಲತಾಣದಲ್ಲಿ ಸಿಗುತ್ತದೆ. ಅಲ್ಲಿ ರೈಲ್ವೆ ಬಜೆಟ್ ವಿಭಾಗಕ್ಕೆ ಹೋಗಿ, ವರ್ಷ ಆರಿಸಿ, ನಿಮ್ಮ ವಲಯದ ಕಡತ ತೆರೆಯಿರಿ. ದುಡ್ಡು ಕೊಡಬೇಕಾಗಿಲ್ಲ.

ವಲಯ ಯಾವುದು ಎಂಬಲ್ಲೇ ಜಾಸ್ತಿ ಜನ ಎಡವುತ್ತಾರೆ. ಹುಬ್ಬಳ್ಳಿಯಲ್ಲಿ ಕೇಂದ್ರ ಕಚೇರಿ ಇರುವ ನೈಋತ್ಯ ರೈಲ್ವೆಗೆ ಹುಬ್ಬಳ್ಳಿ, ಬೆಂಗಳೂರು, ಮೈಸೂರು ಎಂಬ ಮೂರು ವಿಭಾಗಗಳಿವೆ. ಆದರೆ ಇಡೀ ಕರ್ನಾಟಕ ಅದರಲ್ಲಿ ಬರುವುದಿಲ್ಲ. ಕಲಬುರಗಿ ಮಧ್ಯ ರೈಲ್ವೆಯಲ್ಲಿದೆ. ಮಂಗಳೂರು ಸೆಂಟ್ರಲ್ ದಕ್ಷಿಣ ರೈಲ್ವೆಯಲ್ಲಿದೆ. ಕರಾವಳಿಯ ಕೊಂಕಣ ರೈಲ್ವೆ ಒಂದು ಬೇರೆ ನಿಗಮ. ನಮ್ಮ ಜಿಲ್ಲಾ ಕೇಂದ್ರ ರಾಯಚೂರು ಕೂಡ ನೈಋತ್ಯದಲ್ಲಿಲ್ಲ. ಆದರೂ ಗದಗ-ವಾಡಿ ಮಾರ್ಗ ಕಟ್ಟುತ್ತಿರುವುದು ನೈಋತ್ಯ ರೈಲ್ವೆಯೇ. ಹಾಗಾಗಿ ಊರು ಯಾವ ವಲಯದಲ್ಲಿದೆ ಎಂದು ಕೇಳಬೇಡಿ. ಮಾರ್ಗವನ್ನು ಯಾವ ವಲಯ ಕಟ್ಟುತ್ತಿದೆ ಎಂದು ಕೇಳಿ.

ಕಡತದೊಳಗೆ ಕೆಲಸಗಳನ್ನು ಪ್ಲಾನ್ ಹೆಡ್ ಪ್ರಕಾರ, ಅಂದರೆ ಕೆಲಸದ ಒಂದೊಂದು ಬಗೆಗೂ ಒಂದು ಸಂಖ್ಯೆ ಕೊಟ್ಟು, ವಿಂಗಡಿಸಿರುತ್ತಾರೆ. ಹೊಸ ಮಾರ್ಗಗಳು 11ರಲ್ಲಿ. ಗೇಜ್ ಪರಿವರ್ತನೆ, ಅಂದರೆ ಹಳಿಗಳ ನಡುವಿನ ಅಗಲ ಬದಲಿಸುವುದು, 14ರಲ್ಲಿ. ಜೋಡಿ ಹಳಿ 15ರಲ್ಲಿ. ನಿಲ್ದಾಣದಲ್ಲಿ ಪ್ರಯಾಣಿಕರ ಸೌಲಭ್ಯ 53ರಲ್ಲಿ. ನಿಮ್ಮ ಮಾರ್ಗದ ಹೆಸರಿನ ಮುಂದೆ ಒಟ್ಟು ಅಂದಾಜು ವೆಚ್ಚ, ಇದುವರೆಗಿನ ಖರ್ಚು, ಈ ವರ್ಷದ ಹಂಚಿಕೆ ಇರುತ್ತವೆ. ಈ ಮೂರನ್ನೇ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ.

ಒಂದು ಎಚ್ಚರಿಕೆ. ಅಂಕಿಗಳು ಸಾವಿರ ರೂಪಾಯಿಗಳಲ್ಲಿ ಇರುತ್ತವೆ. 10,00,000 ಎಂದು ಕಂಡರೆ ಅದು ಹತ್ತು ಲಕ್ಷವಲ್ಲ, 100 ಕೋಟಿ. ಕೊನೆಯ ನಾಲ್ಕು ಸೊನ್ನೆ ತೆಗೆದರೆ ಕೋಟಿ ಸಿಗುತ್ತದೆ ಎಂದು ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಇನ್ನು ಕೆಲವು ಮಾರ್ಗಗಳ ಮುಂದೆ ಬರೀ 1 ಎಂದಿರುತ್ತದೆ. ಅಂದರೆ ಒಂದು ಸಾವಿರ ರೂಪಾಯಿ. ಒಂದು ಸಾವಿರದಲ್ಲಿ ಹಳಿಯ ಕೆಳಗಿನ ಅಡ್ಡದಿಮ್ಮಿ, ಅಂದರೆ ಒಂದು ಸ್ಲೀಪರ್ ಕೂಡ ಹಾಕಲಾಗದು. ಯೋಜನೆಯನ್ನು ರದ್ದು ಮಾಡಿಲ್ಲ, ಆದರೆ ಈ ವರ್ಷ ಕೆಲಸವೂ ಇಲ್ಲ ಎಂದು ಅದರ ಅರ್ಥ. ಪಟ್ಟಿಯಲ್ಲಿ ಹೆಸರಿದೆ ಎಂದು ಸಿಹಿ ಹಂಚುವ ಮೊದಲು ಆ 1ನ್ನು ನೋಡಿ.

ಈಗ ಭಾಗಾಕಾರ. ಸುಮ್ನೆ ಒಂದು ಕಾಲ್ಪನಿಕ ಮಾರ್ಗ ತೆಗೆದುಕೊಳ್ಳೋಣ. ಒಟ್ಟು ವೆಚ್ಚ 2,000 ಕೋಟಿ. ಖರ್ಚಾದದ್ದು 800 ಕೋಟಿ. ಬಾಕಿ 1,200 ಕೋಟಿ. ಈ ವರ್ಷದ ಹಂಚಿಕೆ 150 ಕೋಟಿ. 1,200ನ್ನು 150ರಿಂದ ಭಾಗಿಸಿದರೆ 8 ವರ್ಷ. ನನ್ನ ಒಂಬತ್ತನೇ ತರಗತಿಯ ಮಕ್ಕಳು ತಟ್ಟನೆ ಹೇಳಿದ ಉತ್ತರ ಇದು. ಆದರೆ ಕಬ್ಬಿಣ, ಸಿಮೆಂಟ್, ಕೂಲಿ ಒಂದೇ ಕಡೆ ನಿಲ್ಲುತ್ತವೆಯೇ? ಬಾಕಿ ಕೆಲಸದ ಬೆಲೆ ವರ್ಷಕ್ಕೆ ಶೇ 5ರಷ್ಟು ಏರುತ್ತದೆ ಎಂದಿಟ್ಟುಕೊಂಡು ಮತ್ತೆ ಮಾಡಲು ಹೇಳಿದೆ. ಮಾರ್ಗ ಮುಗಿದದ್ದು 10ನೇ ವರ್ಷ. ಆಮೇಲೆ ಹಂಚಿಕೆಯನ್ನು 150ರ ಬದಲು 60 ಕೋಟಿ ಮಾಡಿದೆವು. ಮೊದಲ ವರ್ಷ 60 ಕೋಟಿ ಖರ್ಚಾಗಿ 1,140 ಉಳಿಯಿತು. ಅದಕ್ಕೆ ಶೇ 5 ಸೇರಿದಾಗ 1,197 ಆಯಿತು. 60 ಕೋಟಿ ಹಾಕಿದರೂ ಬಾಕಿ ಇಳಿದದ್ದು 3 ಕೋಟಿ ಮಾತ್ರ! ತರಗತಿ ಒಂದು ಕ್ಷಣ ಸುಮ್ಮನಾಯಿತು. ಹಿಂದಿನ ಬೆಂಚಿನ ಒಬ್ಬ ಹುಡುಗಿ, "ಹಂಗಾದ್ರ ಅದು ಮುಗ್ಯೂದು ಯಾವಾಗ್ರಿ, ಟೀಚರ್?" ಎಂದಳು.

ಅವಳ ಪ್ರಶ್ನೆಗೆ ಉತ್ತರ ನಮ್ಮ ಸುತ್ತಮುತ್ತಲೇ ಇದೆ. ಪಕ್ಕದ ಸಿಂಧನೂರಿಗೆ ರೈಲು ಬಂದದ್ದು 2024ರ ಮಾರ್ಚ್‌ನಲ್ಲಿ. ಆ ಮಾರ್ಗ ಮುನಿರಾಬಾದ್-ಮಹಬೂಬ್‌ನಗರ ಯೋಜನೆಯಾಗಿ ಮಂಜೂರಾದದ್ದು 1997-98ರಲ್ಲಿ. ಗದಗ-ವಾಡಿ 2013-14ರಲ್ಲಿ ಮಂಜೂರಾಯಿತು. ತಳಕಲ್‌ನಿಂದ ಕುಷ್ಟಗಿವರೆಗಿನ ಭಾಗದಲ್ಲಿ ರೈಲು ಓಡಿದ್ದು 2025ರ ಮೇ 15ರಂದು. ತಡವಾದ ವರ್ಷಗಳಲ್ಲಿ ಒಂದು ಪೀಳಿಗೆಯ ಮಕ್ಕಳೇ ಬೆಳೆದು ಊರು ಬಿಟ್ಟು ಹೋದರು. ನನಗೆ ಸಂಕಟವಾಗುವುದು ಅಲ್ಲಿ.

ಇನ್ನರ್ಧ ರಾಜ್ಯದ್ದು

ಕರ್ನಾಟಕದ ಹಲವು ಹೊಸ ಮಾರ್ಗಗಳು ಅರ್ಧರ್ಧ ಹಂಚಿಕೆಯವು. ನಮ್ಮದೂ ಹಾಗೆಯೇ. ಕಟ್ಟುವ ಖರ್ಚಿನಲ್ಲಿ ಶೇ 50 ಕೇಂದ್ರದ್ದು, ಶೇ 50 ರಾಜ್ಯದ್ದು. ಜಮೀನನ್ನು ರಾಜ್ಯವೇ ಕೊಡಬೇಕು. ಆದ್ದರಿಂದ ಪಿಂಕ್ ಬುಕ್ ಒಂದನ್ನೇ ನೋಡಿದರೆ ಅರ್ಧ ಕಥೆ ಮಾತ್ರ ಸಿಗುತ್ತದೆ. ರಾಜ್ಯ ಬಜೆಟ್‌ನಲ್ಲಿ ಮೂಲಸೌಲಭ್ಯ ಅಭಿವೃದ್ಧಿ ಇಲಾಖೆಯ ಪುಟ ತೆರೆಯಿರಿ. ರೈಲ್ವೆ ಯೋಜನೆಗಳಿಗೆ ರಾಜ್ಯದ ಪಾಲು ಅಲ್ಲಿರುತ್ತದೆ. ದೆಹಲಿ ಕೊಟ್ಟು ಬೆಂಗಳೂರು ಕೊಡದಿದ್ದರೂ ಕೆಲಸ ನಿಲ್ಲುತ್ತದೆ. ಬೆಂಗಳೂರು ಕೊಟ್ಟು ದೆಹಲಿ ಕೊಡದಿದ್ದರೂ ನಿಲ್ಲುತ್ತದೆ. ಯಾವ ಪಕ್ಷದವರು ಬಂದು ಏನು ಹೇಳಿದರೂ ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಮಾತಾಡಿ.

ಎರಡೂ ಕಡೆ ಹಣ ಇದ್ದೂ ಕೆಲಸ ನಿಲ್ಲುವುದುಂಟು. ಆಗ ಜಮೀನು ನೋಡಬೇಕು. ಹತ್ತು ಕಿಲೋಮೀಟರ್ ಹಳಿಯ ನಡುವೆ ಅರ್ಧ ಕಿಲೋಮೀಟರ್ ಜಮೀನು ಸಿಗದಿದ್ದರೂ ಗುತ್ತಿಗೆದಾರರು ಯಂತ್ರ ತೆಗೆದುಕೊಂಡು ಹೋಗಿಬಿಡುತ್ತಾರೆ. ಮತ್ತೆ ಟೆಂಡರ್, ಮತ್ತೆ ಹೊಸ ದರ. ಹಾಗಂತ ರೈತರನ್ನು ದೂರುವುದು ಸರಿಯಲ್ಲ. ತೊಗರಿ ಬೆಳೆಯುವ ಎರಡೆಕರೆಯಲ್ಲಿ ನಡುಮಧ್ಯೆ ಹಳಿ ಹಾದರೆ ಆ ಕಡೆಯ ಹೊಲಕ್ಕೆ ಎತ್ತಿನಗಾಡಿ ಹೋಗುವುದು ಹೇಗೆ? ಅವರಿಗೆ ಪರಿಹಾರ ಬೇಗ ಕೊಡಬೇಕು. ಕೆಳಸೇತುವೆ ಎಲ್ಲಿ ಬೇಕು ಎಂದು ಅವರನ್ನೇ ಕೇಳಬೇಕು. ರೈಲು ಬೇಕು ಎನ್ನುವ ನಾವು ಅವರ ಪರವಾಗಿಯೂ ತಹಶೀಲ್ದಾರರ ಕಚೇರಿಗೆ ಹೋಗಬೇಕು. ನಮ್ಮ ಗುಂಪು ಹೋಗುತ್ತದೆ.

ಜಮೀನಿನ ಸ್ಥಿತಿ ತಿಳಿಯಲು ಸ್ವಾಧೀನದ ಅಧಿಸೂಚನೆಯಲ್ಲಿ ಸರ್ವೆ ನಂಬರುಗಳನ್ನು ನೋಡಿ. ಪಹಣಿಯ 11ನೇ ಕಾಲಂ ಸಹ ನೋಡಿ. ಸ್ವಾಧೀನದ ಸುದ್ದಿ ಅಲ್ಲಿ ಏರಿರಬಹುದು. ನಿವೇಶನ ಕೊಳ್ಳುವವರಿಗೂ ಇದು ಮುಖ್ಯ. ನಮ್ಮ ಸಂಬಂಧಿಕರೊಬ್ಬರು "ಸ್ಟೇಷನ್ ಪಕ್ಕದಲ್ಲೇ" ಎಂಬ ಮಾತು ನಂಬಿ ಎರಡು ಪಟ್ಟು ಬೆಲೆ ಕೊಟ್ಟು ನಿವೇಶನ ತೆಗೆದುಕೊಂಡರು. ಅಧಿಸೂಚನೆಯಲ್ಲಿ ಆ ಊರಿನ ಹೆಸರೇ ಇರಲಿಲ್ಲ. ಸಾಲದ ಕಂತು ಇನ್ನೂ ಕಟ್ಟುತ್ತಿದ್ದಾರೆ. ಅಧಿಸೂಚನೆ ನೋಡದೆ ಯಾರ ಮಾತಿಗೂ ಮುಂಗಡ ಕೊಡಬೇಡಿ.

ಕೇಳುವುದು ಹೇಗೆ

ಪುಸ್ತಕದಲ್ಲಿ ಸಿಗದ್ದನ್ನು ಕೇಳಿ ಪಡೆಯಬೇಕು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. 30 ದಿನದಲ್ಲಿ ಉತ್ತರ ಬರಬೇಕು. ರೈಲ್ವೆ ಕೇಂದ್ರ ಸರ್ಕಾರದ್ದಾದರೂ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ಹೊಸ ಮಾರ್ಗ ನೋಡಿಕೊಳ್ಳುವುದು ವಲಯದ ನಿರ್ಮಾಣ ವಿಭಾಗ. ಲಕೋಟೆಯ ಮೇಲೆ "ಮಾಹಿತಿ ಅಧಿಕಾರಿ, ನಿರ್ಮಾಣ ವಿಭಾಗ" ಎಂದು ಬರೆಯಿರಿ. ಅರ್ಜಿ ತಪ್ಪು ಕಚೇರಿಗೆ ಹೋದರೆ ಐದು ದಿನದೊಳಗೆ ಸರಿಯಾದ ಕಡೆಗೆ ಕಳಿಸುವುದು ಅವರ ಕರ್ತವ್ಯ.

ನನ್ನ ಮೊದಲ ಅರ್ಜಿಯಲ್ಲಿ "ನಮ್ಮ ಊರಿಗೆ ರೈಲು ಯಾವಾಗ ಬರುತ್ತದೆ, ಯಾಕೆ ತಡವಾಗಿದೆ?" ಎಂದು ಕೇಳಿದ್ದೆ. ಇದು ಮಾಹಿತಿಯಲ್ಲ, ಅಭಿಪ್ರಾಯ ಎಂದು ಆ ಕಚೇರಿ ಎರಡು ಸಾಲಿನಲ್ಲಿ ತಿರಸ್ಕರಿಸಿತು. ತುಂಬಾ ಬೇಜಾರಾಯಿತು. ಆಮೇಲೆ ಪ್ರಶ್ನೆಯ ರೂಪವನ್ನೇ ಬದಲಿಸಿದೆ. ಯಾಕೆ, ಯಾವಾಗ ಎಂಬ ಪದಗಳನ್ನು ಬಿಟ್ಟೆ. ಎಷ್ಟು, ಯಾವ ದಿನಾಂಕ, ಯಾವ ದಾಖಲೆ ಎಂದು ಕೇಳಿದೆ. ಈಗ ನಾವು ಬರೆಯುವುದು ಹೀಗೆ:

"ಗದಗ-ವಾಡಿ ಹೊಸ ಮಾರ್ಗದ ಕುಷ್ಟಗಿ-ಲಿಂಗಸುಗೂರು ಭಾಗಕ್ಕೆ ಬೇಕಾದ ಒಟ್ಟು ಜಮೀನು ಎಷ್ಟು ಹೆಕ್ಟೇರ್? ಈ ಅರ್ಜಿಯ ದಿನದವರೆಗೆ ರೈಲ್ವೆಗೆ ಹಸ್ತಾಂತರವಾದದ್ದು ಎಷ್ಟು? ಈ ಭಾಗದಲ್ಲಿ ಕರೆದ ಟೆಂಡರ್‌ಗಳ ಸಂಖ್ಯೆ, ಕಾರ್ಯಾದೇಶದ ದಿನಾಂಕ ಮತ್ತು ಕೆಲಸ ಮುಗಿಸಬೇಕಾದ ದಿನಾಂಕ ತಿಳಿಸಿ. ಕಳೆದ ಮೂರು ಹಣಕಾಸು ವರ್ಷಗಳಲ್ಲಿ ರಾಜ್ಯ ಸರ್ಕಾರ ಈ ಯೋಜನೆಗೆ ಜಮಾ ಮಾಡಿದ ಮೊತ್ತ ಎಷ್ಟು?"

ಇದಕ್ಕೆ ಅಭಿಪ್ರಾಯ ಎಂದು ಹೇಳಲಾಗದು. 30 ದಿನ ಕಳೆದೂ ಉತ್ತರ ಬಾರದಿದ್ದರೆ ಮುಂದಿನ 30 ದಿನದಲ್ಲಿ ಮೊದಲ ಮೇಲ್ಮನವಿ ಹಾಕಿ. ಬಿಡಬೇಡಿ. ನಮ್ಮ ಒಂದು ಉತ್ತರ ಮೇಲ್ಮನವಿ ಹಾಕಿದ ಮೇಲೆಯೇ ಬಂತು.

ಇನ್ನೊಂದು ದಾರಿ ಸಂಸತ್ತು. ಅಧಿವೇಶನ ನಡೆಯುವಾಗ ಲೋಕಸಭೆಯಲ್ಲಿ ರೈಲ್ವೆ ಪ್ರಶ್ನೆಗಳಿಗೆ ಬುಧವಾರ ಉತ್ತರ ಸಿಗುತ್ತದೆ, ರಾಜ್ಯಸಭೆಯಲ್ಲಿ ಶುಕ್ರವಾರ. ಹಳೆಯ ಉತ್ತರಗಳೆಲ್ಲ ಸಂಸತ್ತಿನ ಜಾಲತಾಣದಲ್ಲಿವೆ. ಬೇರೆ ಯಾವುದೋ ಜಿಲ್ಲೆಯ ಸಂಸದರು ಕೇಳಿದ ಪ್ರಶ್ನೆಯ ಉತ್ತರದಲ್ಲಿ ನಿಮ್ಮ ಮಾರ್ಗದ ಖರ್ಚು, ಮುಗಿದ ಕಿಲೋಮೀಟರ್ ಸಿಗಬಹುದು. ನಿಮ್ಮ ಸಂಸದರಿಗೆ ಪತ್ರ ಬರೆಯುವಾಗ "ರೈಲು ಕೊಡಿಸಿ" ಎಂದಷ್ಟೇ ಬರೆಯಬೇಡಿ. ಅವರು ಹಾಗೆಯೇ ಕೇಳಬಹುದಾದ ಒಂದು ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಮಾರ್ಗ ಒಂದೇ ಕ್ಷೇತ್ರದಲ್ಲಿ ಇರುವುದಿಲ್ಲ. ಕುಷ್ಟಗಿ ಕೊಪ್ಪಳ ಕ್ಷೇತ್ರಕ್ಕೆ ಸೇರಿದೆ. ಲಿಂಗಸುಗೂರು, ಸುರಪುರ, ಶಹಾಪುರ ರಾಯಚೂರು ಕ್ಷೇತ್ರಕ್ಕೆ. ವಾಡಿ ಕಲಬುರಗಿ ಕ್ಷೇತ್ರಕ್ಕೆ. ನಾವು ಒಂದೇ ಪತ್ರವನ್ನು ಮೂರೂ ಕಡೆ ಕಳಿಸುತ್ತೇವೆ.

ಹಳಿ ಬಂದ ಮೇಲೆ

ಹಳಿ ಹಾಕಿ ಮುಗಿದ ತಕ್ಷಣ ರೈಲು ಓಡುವುದಿಲ್ಲ. ರೈಲ್ವೆ ಸುರಕ್ಷತಾ ಆಯುಕ್ತರು ಬಂದು ಮಾರ್ಗ ಪರೀಕ್ಷಿಸಿ ಒಪ್ಪಿಗೆ ಕೊಡಬೇಕು. ಇವರು ರೈಲ್ವೆ ಸಚಿವಾಲಯದ ಕೆಳಗೆ ಬರುವುದಿಲ್ಲ, ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ ಬರುತ್ತಾರೆ. ಕಟ್ಟಿದವರೇ ತಪಾಸಣೆ ಮಾಡಬಾರದು ಎಂಬ ಒಳ್ಳೆಯ ಉದ್ದೇಶ ಇದಕ್ಕಿದೆ. ತಪಾಸಣೆಯ ದಿನಾಂಕ ಪತ್ರಿಕೆಯಲ್ಲಿ ಬಂದರೆ ರೈಲು ಹತ್ತಿರ ಬಂದಿದೆ ಎಂದು ತಿಳಿಯಿರಿ. ನನ್ನ ಪಾಲಿಗೆ ಶಿಲಾನ್ಯಾಸಕ್ಕಿಂತ ಅದೇ ದೊಡ್ಡ ಸುದ್ದಿ.

ಆಮೇಲೆ ಯಾವ ರೈಲು, ಎಷ್ಟು ರೈಲು ಎಂಬ ಪ್ರಶ್ನೆ. ಇಲ್ಲಿ ರೈಲ್ವೆಯ ಕಷ್ಟವನ್ನೂ ತಿಳಿದುಕೊಂಡರೆ ಬೇಡಿಕೆ ಗಟ್ಟಿಯಾಗುತ್ತದೆ. 2022-23ರಲ್ಲಿ ಪ್ರಯಾಣಿಕರಿಗೆ ಕೊಟ್ಟ ಸಬ್ಸಿಡಿ 56,993 ಕೋಟಿ ಎಂದು ಸರ್ಕಾರ ಸಂಸತ್ತಿಗೆ ಹೇಳಿದೆ. ಆ ಲೆಕ್ಕದಲ್ಲಿ ಒಂದು ಪ್ರಯಾಣಕ್ಕೆ 100 ರೂಪಾಯಿ ಖರ್ಚಾದರೆ ಟಿಕೆಟ್‌ನಿಂದ ಬರುತ್ತಿದ್ದದ್ದು 54. ಉಳಿದದ್ದನ್ನು ಬಹುಮಟ್ಟಿಗೆ ಸರಕು ಸಾಗಣೆ ತುಂಬಿಕೊಡುತ್ತದೆ. ಹಾಗಾಗಿ ಪ್ಯಾಸೆಂಜರ್ ರೈಲು ಕೇಳುವ ಪತ್ರದಲ್ಲಿ ಸರಕಿನ ಮಾತೂ ಇರಲಿ. ವಾಡಿ ಕಡೆ ಸಿಮೆಂಟ್ ಇದೆ. ಇಳಕಲ್, ಕುಷ್ಟಗಿ ಕಡೆ ಗ್ರಾನೈಟ್ ಇದೆ. ನಮ್ಮಲ್ಲಿ ತೊಗರಿ, ಹತ್ತಿ ಇವೆ. ಎಪಿಎಂಸಿಯಿಂದ ವರ್ಷಕ್ಕೆ ಎಷ್ಟು ಲಾರಿ ಹೊರಗೆ ಹೋಗುತ್ತವೆ ಎಂಬ ಲೆಕ್ಕ ತೆಗೆದುಕೊಂಡು ಪತ್ರಕ್ಕೆ ಸೇರಿಸಿ. ಬಸ್ ಡಿಪೋದಿಂದ ಬೆಂಗಳೂರಿಗೆ ದಿನಕ್ಕೆ ಎಷ್ಟು ಬಸ್ಸು ಎಂಬುದನ್ನೂ ಸೇರಿಸಿ. "ಜನರಿಗೆ ತುಂಬಾ ತೊಂದರೆ" ಎಂಬ ಮಾತಿಗಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ, ಅಲ್ವಾ?

ಪತ್ರ ಹೋಗಬೇಕಾದದ್ದು ವಿಭಾಗೀಯ ವ್ಯವಸ್ಥಾಪಕರಿಗೆ. ಪ್ರತಿ ವಿಭಾಗಕ್ಕೂ ರೈಲು ಬಳಕೆದಾರರ ಸಲಹಾ ಸಮಿತಿ ಇದೆ. ಅದರಲ್ಲಿ ನಿಮ್ಮ ಭಾಗದವರು ಯಾರಿದ್ದಾರೆ ಎಂದು ತಿಳಿದುಕೊಂಡು ಸಭೆಗೆ ಮೊದಲೇ ವಿಷಯ ಕೊಡಿ. ಸಮಯ ಬದಲಿಸುವಂತೆ ಕೇಳುವುದು ಹೊಸ ರೈಲು ಕೇಳುವುದಕ್ಕಿಂತ ಸುಲಭ. ಇರುವ ರೈಲನ್ನು ಮುಂದಿನ ಊರಿಗೆ ವಿಸ್ತರಿಸಿ ಎಂದು ಕೇಳುವುದೂ ಸುಲಭ, ಯಾಕೆಂದರೆ ಹೊಸ ಬೋಗಿಗಳು ಬೇಕಾಗುವುದಿಲ್ಲ. 

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದು ಊರಿನವರ ಕೈಯಲ್ಲಿದೆ. ಹೊಸ ನಿಲುಗಡೆಗಳನ್ನು ಹಲವು ಸಲ ಪ್ರಾಯೋಗಿಕ ಎಂದು ಕೊಡುತ್ತಾರೆ. ಆಮೇಲೆ ಆ ನಿಲ್ದಾಣದ ಟಿಕೆಟ್ ಮಾರಾಟ ನೋಡಿ ಮುಂದುವರಿಸುವುದೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ನೀವು ಟಿಕೆಟ್ ಇಲ್ಲದೆ ಹತ್ತಿದರೆ, ಅಥವಾ ಸೀಟು ಬೇಗ ಸಿಗುತ್ತದೆ ಎಂದು ಹಿಂದಿನ ದೊಡ್ಡ ನಿಲ್ದಾಣದಿಂದ ಟಿಕೆಟ್ ತೆಗೆದರೆ, ನಿಮ್ಮ ಊರಿನ ಲೆಕ್ಕದಲ್ಲಿ ನೀವು ಇರುವುದೇ ಇಲ್ಲ. ಹತ್ತುವ ನಿಲ್ದಾಣದ ಹೆಸರಿನಲ್ಲೇ ಟಿಕೆಟ್ ತೆಗೆದುಕೊಳ್ಳಿ. ಐದು ರೂಪಾಯಿ ಜಾಸ್ತಿಯಾದರೂ ಹಾಗೆಯೇ ಮಾಡಿ.

ಕುಷ್ಟಗಿಗೆ ರೈಲು ಬಂದ ಮೇಲೆ ಒಂದು ಶನಿವಾರ 23 ಮಕ್ಕಳನ್ನು ಬಸ್ಸಿನಲ್ಲಿ ಅಲ್ಲಿಗೆ ಕರೆದುಕೊಂಡು ಹೋದೆ. ಅವರಲ್ಲಿ 19 ಮಂದಿ ಅಲ್ಲಿಯವರೆಗೆ ರೈಲು ಹತ್ತಿರಲಿಲ್ಲ. ಒಬ್ಬೊಬ್ಬರೂ ಕೌಂಟರ್‌ಗೆ ಹೋಗಿ ತಾವೇ ಕುಕನೂರಿಗೆ ಟಿಕೆಟ್ ಕೇಳಿ ಪಡೆದರು. ಭಾಗಾಕಾರದ ದಿನ ಪ್ರಶ್ನೆ ಕೇಳಿದ್ದ ಆ ಹುಡುಗಿಯೂ ಇದ್ದಳು. ಇಳಿದ ಮೇಲೆ ತನ್ನ ಟಿಕೆಟನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ನೋಟ್‌ಬುಕ್ಕಿನಾಗ ಅಂಟಿಸ್ರಿ ಟೀಚರ್" ಎಂದಳು. ಅದೀಗ 2025ರ ಪುಟದಲ್ಲಿದೆ, ಹಂಚಿಕೆಯ ಅಂಕಿಯ ಪಕ್ಕದಲ್ಲಿ.